ಆರರ ಪಾಲು

"ಗುರುಗಳೇ, ಗಣಿತ ಹತ್ತದ ಬುದ್ಧಿ ಎಂಬುದೊಂದು ಇರುತ್ತದೆಯೇ?" ಎಂದು ನಿಜಗುಣ ಕೇಳಿದ.

ಮಠದ ಚಿಕ್ಕ ವಿದ್ಯಾರ್ಥಿಗಳಿಗೆ ಲೆಕ್ಕ ಹೇಳಿಕೊಡುವ ಕೆಲಸ ಅವನದು. ಅವರಲ್ಲಿ ಗುರುಪಾದ ಎಂಬವನಿಗೆ ಭಿನ್ನರಾಶಿ ಎಷ್ಟು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಹುಡುಗ ಸೋಮಾರಿಯಲ್ಲ. ಹೇಳಿದ್ದನ್ನು ಬಾಯಿಪಾಠ ಮಾಡುತ್ತಾನೆ, ಕೇಳಿದಾಗ ತಪ್ಪು ಹೇಳುತ್ತಾನೆ, ಆಮೇಲೆ ಅಳುತ್ತಾನೆ. ಅವನನ್ನು ಲೆಕ್ಕದಿಂದ ಬಿಡಿಸಿ ಹೂದೋಟದ ಕೆಲಸಕ್ಕೆ ಹಾಕಿದರೆ ಅವನಿಗೂ ನೆಮ್ಮದಿ ಎಂದು ನಿಜಗುಣನಿಗೆ ತೋರಿತ್ತು. ಅದಕ್ಕೆ ಅಪ್ಪಣೆ ಬೇಡಲು ಬಂದಿದ್ದ.

ಗುರುಗಳು ಕುಳಿತುಕೋ ಎಂದು ಕೈ ತೋರಿಸಿ, ಈ ಕತೆ ಹೇಳಿದರು.

ಒಂದೂರಿನಲ್ಲಿ ದೊಡ್ಡ ಕೆರೆಯಿತ್ತು. ಕೆರೆಯ ತೂಬು ತೆಗೆದು, ಕಾಲುವೆಗಳಲ್ಲಿ ನೀರು ಬಿಟ್ಟು, ಪ್ರತಿ ಗದ್ದೆಗೂ ಅದರ ಪಾಲು ಮುಟ್ಟಿಸುವವನು ನೀರುಗಂಟಿ. ಆ ಕೆಲಸಕ್ಕಾಗಿ ಊರು ಅವನಿಗೆ ಒಂದು ತುಂಡು ಹೊಲ ಬಿಟ್ಟುಕೊಟ್ಟಿತ್ತು. ನೀರುಗಂಟಿಗೆ ಗಂಡುಮಕ್ಕಳಿರಲಿಲ್ಲ. ಒಬ್ಬಳೇ ಮಗಳು. ನಡೆಯಲು ಕಲಿತಾಗಿನಿಂದ ತಂದೆಯ ಹಿಂದೆ ಕಾಲುವೆಯ ದಂಡೆಯ ಮೇಲೇ ಬೆಳೆದವಳು. ಯಾವ ಕಾಲುವೆ ಎಲ್ಲಿ ಹೂಳುತ್ತದೆ, ಯಾವ ಬದು ಎಲ್ಲಿ ಸೋರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಒಂದು ದಿನ ನೀರುಗಂಟಿಗೆ ಲಕ್ವ ಹೊಡೆಯಿತು. ಒಂದು ಕೈ, ಒಂದು ಕಾಲು ಬಿದ್ದುಹೋದವು, ಮಾತೂ ತೊದಲಿತು. ತಂದೆಯ ಕೆಲಸವನ್ನು ತಾನು ಮಾಡುತ್ತೇನೆಂದು ಮಗಳು ಊರಿನ ಹಿರಿಯರ ಮುಂದೆ ನಿಂತಳು. ಹಿರಿಯರು ಯೋಚಿಸಿದರು. ನೀರುಗಂಟಿಗೆ ಹಳೆಯ ಪಾಲುಗಳೆಲ್ಲ ರೂಢಿಯಿಂದ ತಿಳಿದಿದ್ದವು. ಈಗ ಅಣ್ಣತಮ್ಮಂದಿರು ಬೇರೆಯಾಗಿ ಗದ್ದೆಗಳು ಒಡೆದಿದ್ದವು, ಪಾಲುಗಳೂ ಒಡೆದಿದ್ದವು. ಲೆಕ್ಕ ಬಾರದವರ ಕೈಗೆ ನೀರು ಕೊಟ್ಟರೆ ಜಗಳವಾಗುತ್ತದೆ. ಮುಂದಿನ ನಾಟಿಯೊಳಗೆ ಪಾಲಿನ ಲೆಕ್ಕ ಕಲಿತುಕೊಂಡರೆ ಕೆಲಸವೂ ಹೊಲವೂ ಅವಳವು, ಇಲ್ಲವಾದರೆ ಬೇರೆ ಮನೆಗೆ ಎಂದು ತೀರ್ಮಾನ ಹೇಳಿದರು. ಅಲ್ಲಿಯವರೆಗೆ ಅವಳೇ ನೀರು ನೋಡಿಕೊಳ್ಳಲಿ ಎಂದರು.

ಅವಳು ಊರಿನ ಮಕ್ಕಳಿಗೆ ಓದು ಲೆಕ್ಕ ಕಲಿಸುವ ಐಗಳ ಬಳಿಗೆ ಹೋದಳು. ಐಗಳು ತಿಳಿದವರು, ಕೆಟ್ಟವರೂ ಅಲ್ಲ. ಮರಳಿನ ಮೇಲೆ ಬರೆದು ತೋರಿಸಿದರು, ನಿಯಮ ಹೇಳಿದರು, ಮಗ್ಗಿ ಒಪ್ಪಿಸಿಕೊಂಡರು. ಬಳಿಕ, ನಾಲ್ಕರ ಒಂದು ಪಾಲು ಹೆಚ್ಚೋ, ಆರರ ಒಂದು ಪಾಲು ಹೆಚ್ಚೋ ಎಂದು ಕೇಳಿದರು. ಅವಳು ತಡಮಾಡದೆ ಆರರದು ಎಂದಳು. ಐಗಳು ತಪ್ಪು ಎಂದು ನಿಯಮವನ್ನು ಮತ್ತೆ ಹೇಳಿದರು. ಮರುದಿನ ಕೇಳಿದಾಗಲೂ ಆರರದೇ ಎಂದಳು. ಐಗಳು ನಿಧಾನವಾಗಿ ಹೇಳಿದರು, ಆಮೇಲೆ ಗಟ್ಟಿಯಾಗಿ ಹೇಳಿದರು. ಹೇಳಿದ್ದು ಮಾತ್ರ ಅದೇ.

ದಿನ ಕಳೆದಂತೆ ಅವಳು ಲೆಕ್ಕ ನೋಡುವುದನ್ನು ಬಿಟ್ಟು ಐಗಳ ಮುಖ ನೋಡತೊಡಗಿದಳು. ಆರು ಎನ್ನಲು ಬಾಯಿ ತೆರೆದವಳು, ಅವರು ಹುಬ್ಬು ಗಂಟಿಕ್ಕಿದರೆ ನಾಲ್ಕು ಎನ್ನುವಳು. ಅದು ಐಗಳಿಗೆ ಕಪಟವಾಗಿ ಕಂಡಿತು. ಕೊನೆಗೆ ಅವರು, ತಾನು ಕಲಿಸುವುದನ್ನೆಲ್ಲ ಕಲಿಸಿದೆ, ಅವಳಲ್ಲಿ ಶಕ್ತಿಯಿಲ್ಲ ಎಂದು ಹಿರಿಯರಿಗೆ ಬೇಸರದಿಂದಲೇ ತಿಳಿಸಿದರು.

ಹಿರಿಯರು ನಂಬುವ ಮೊದಲೇ ಅವಳು ಆ ಮಾತನ್ನು ನಂಬಿದಳು. ಚಿಕ್ಕಂದಿನಿಂದ ತೆಗೆದು ಮುಚ್ಚಿದ, ಗದ್ದೆಗಳಿಗೆ ನೀರು ಹಾಯುವ ಕಂಡಿಗಳ ಮುಂದೆ ನಿಂತರೂ ಅವಳ ಕೈ ಅನುಮಾನಿಸತೊಡಗಿತು. ತನಗೆ ಏನೂ ತಿಳಿಯದು ಎಂದಮೇಲೆ ಇದು ಮಾತ್ರ ತಿಳಿದೀತೇ ಎಂಬ ಯೋಚನೆ. ಹಾಗೆ ಅನುಮಾನಿಸುತ್ತ ನಿಂತು ಒಂದು ಸಲ ತಪ್ಪು ಕಂಡಿ ಮುಚ್ಚಿದಳು. ಕಾಲುವೆಯ ಕೊನೆಯಲ್ಲಿದ್ದ ಒಬ್ಬ ವಿಧವೆಯ ಸಸಿಮಡಿ ಒಣಗಿಹೋಯಿತು. ಆ ಹೆಂಗಸು ಬೈಯಲಿಲ್ಲ. ಬಾಡಿದ ಸಸಿಗಳನ್ನು ಕಿತ್ತು ಬದುವಿನ ಮೇಲೆ ಹಾಕುತ್ತಿದ್ದಳು. ನೀರುಗಂಟಿಯ ಮಗಳು ಅದನ್ನು ನೋಡಿ ಮನೆಗೆ ಬಂದು, ಈ ಕೆಲಸ ಬೇರೆಯವರಿಗೇ ಹೋಗಲಿ ಎಂದು ತಂದೆಗೆ ಹೇಳಿದಳು.

ತಂದೆ ತೊದಲುತ್ತ, ಕೆರೆಯಾಚೆಯ ಊರಿನಲ್ಲಿ ಇನ್ನೊಬ್ಬ ಐಗಳಿದ್ದಾರೆ, ಒಮ್ಮೆ ಹೋಗಿ ಬಾ ಎಂದ. ಅವನ ಮನಸ್ಸು ನೋಯಿಸಲಾರದೆ ಹೋದಳು.

ಆ ಐಗಳೂ ಮರಳು ಹರವಿಕೊಂಡೇ ಕುಳಿತಿದ್ದರು. ತನಗೆ ಲೆಕ್ಕ ಬರುವುದಿಲ್ಲವೆಂದು ಅವಳು ಮೊದಲೇ ಹೇಳಿಬಿಟ್ಟಳು. ಯಾವುದು ಬರುವುದಿಲ್ಲ ಎಂದು ಅವರು ವಿಚಾರಿಸಿದಾಗ ನಾಲ್ಕು ಮತ್ತು ಆರರ ಪ್ರಶ್ನೆಯನ್ನು ಹೇಳಿದಳು. ನಿನಗೆ ಯಾವುದು ಹೆಚ್ಚೆಂದು ಕಾಣುತ್ತದೆ ಎಂದು ಕೇಳಿದರು. ಅವಳು ಅವರ ಮುಖ ನೋಡಿದಳು. ಅದನ್ನು ಗಮನಿಸಿ ಐಗಳು ಕಣ್ಣು ಮುಚ್ಚಿಕೊಂಡರು. ಮುಖದಲ್ಲಿ ಓದಲು ಏನೂ ಉಳಿಯಲಿಲ್ಲ. ತನಗೆ ಕಂಡದ್ದನ್ನೇ ಹೇಳಿದಳು: ಆರರದು.

"ಅದು ಹೇಗೆ, ತಾಯಿ? ನನಗೂ ಹೇಳು" ಎಂದರು ಐಗಳು.

ಹಾಸ್ಯ ಮಾಡುತ್ತಿದ್ದಾರೆಂದು ಅವಳಿಗೆ ಮೊದಲು ಅನ್ನಿಸಿತು. ಹಾಗೆ ಅವಳನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಐಗಳು ಕಾದರು.

"ನಮ್ಮ ಕಾಲುವೆ ಕವಲೊಡೆಯುವಲ್ಲಿ ಒಂದು ಕಲ್ಲಿದೆ, ಐಗಳೇ. ಒಂದು ಕಡೆ ನಾಲ್ಕು ಕಂಡಿ, ಇನ್ನೊಂದು ಕಡೆ ಆರು. ನೀರು ಬಿಡುವ ನಾವು ಅದನ್ನು ನಾಲ್ಕರ ಪಾಲು, ಆರರ ಪಾಲು ಅನ್ನುತ್ತೇವೆ. ಆರರ ಪಾಲಿನಲ್ಲಿ ಯಾವಾಗಲೂ ನೀರು ಹೆಚ್ಚು. ನಾಲ್ಕರದು ಹೆಚ್ಚಾದದ್ದನ್ನು ನಾನು ಕಂಡೇ ಇಲ್ಲ."

ಐಗಳು ಕಣ್ಣು ತೆರೆದರು. "ನೀನು ಹೇಳಿದ್ದು ಸರಿಯಾಗಿದೆ. ಆದರೆ ಪ್ರಶ್ನೆ ಕೇಳುತ್ತಿರುವುದು ಬೇರೆಯದನ್ನು. ಬಾ, ನೋಡೋಣ."

ಮನೆಯ ಹಿತ್ತಿಲಿಗೆ ಕರೆದುಕೊಂಡು ಹೋದರು. ಮಣ್ಣಿನಲ್ಲಿ ಕೈಯಗಲದ ನಾಲ್ಕು ಗದ್ದೆ ಮಾಡಿ, ಒಂದು ಕೊಡ ನೀರನ್ನು ಅವಕ್ಕೆ ಸಮನಾಗಿ ಹಂಚು ಎಂದರು. ಹಂಚಿದಳು. ಇನ್ನೊಂದು ಕೊಡ ಕೊಟ್ಟು, ಇದನ್ನು ಆರು ಗದ್ದೆಗೆ ಹಂಚು ಎಂದರು. ಅವಳು ಬದು ಕಟ್ಟತೊಡಗಿದಳು. ಕೊಡ ಬಗ್ಗಿಸುವ ಮೊದಲೇ ಅವಳ ಕೈ ನಿಂತಿತು. ಕೊಡ ಅಷ್ಟೇ. ನೀರು ಅಷ್ಟೇ. ಕುಡಿಯುವ ಗದ್ದೆಗಳು ಹೆಚ್ಚಾದಷ್ಟೂ ಒಂದೊಂದಕ್ಕೆ ಸಿಗುವುದು ಕಡಿಮೆ. ಅವಳು ಕೆಸರುಗೈಯಲ್ಲೇ ನೆಲದ ಮೇಲೆ ಕುಳಿತಳು. ಇಷ್ಟು ದಿನವೂ ತಾನು ದಡ್ಡಿಯಾಗಿರಲಿಲ್ಲವಲ್ಲ ಎಂದು ಅತ್ತಳು. ಐಗಳು ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ, ಪಕ್ಕದಲ್ಲಿ ಕುಳಿತರು.

ಅಲ್ಲಿಂದ ಮುಂದೆ ಎಲ್ಲವೂ ಸಲೀಸಾಯಿತೆಂದಲ್ಲ. ಪಾಲಿನೊಳಗಿನ ಪಾಲು ಬಂದಾಗ ಮತ್ತೆ ತೊಡರಿದಳು. ಆದರೆ ತಪ್ಪಿದಾಗ ಈಗ ಮುಖ ನೋಡುತ್ತಿರಲಿಲ್ಲ, ತಾನು ಹೇಗೆ ಯೋಚಿಸಿದೆನೆಂದು ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಕೆಲವು ಸಲ ಅವಳೇ ತಿದ್ದಿಕೊಳ್ಳುವಳು. ಕೆಲವು ಸಲ, ತಾನು ವಿವರಿಸಿದ್ದೇ ಗೊಂದಲವಾಗಿತ್ತು ಎಂದು ಐಗಳು ಒಪ್ಪಿಕೊಂಡು ಇನ್ನೊಂದು ಬಗೆಯಲ್ಲಿ ಹೇಳುವರು. ನಾಟಿಯ ಹೊತ್ತಿಗೆ ಹಿರಿಯರು ಕೇಳಿದ ಪಾಲುಗಳನ್ನು ಅವಳು ನಿಂತಲ್ಲೇ ಬಿಡಿಸಿದಳು. ಕೆಲಸವೂ ಹೊಲವೂ ಅವಳಲ್ಲೇ ಉಳಿದವು.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣನ ಮುಖ ಗೆಲುವಾಗಿತ್ತು. ತನಗೆ ದಾರಿ ಸಿಕ್ಕಿತೆಂದೂ, ನಾಳೆ ಬೆಳಿಗ್ಗೆಯೇ ಗುರುಪಾದನಿಂದ ಪುಟ್ಟ ಗದ್ದೆಗಳನ್ನು ಮಾಡಿಸಿ ಒಂದು ಕೊಡ ನೀರು ಹಂಚಿಸುವೆನೆಂದೂ ಹೇಳಿ, ನಮಸ್ಕರಿಸಿ ಎದ್ದ.

"ನೀರು ಕಂಡದ್ದು ಅವಳಿಗೆ, ನಿಜಗುಣ. ಗುರುಪಾದನಿಗೆ ಏನು ಕಾಣುತ್ತಿದೆಯೆಂದು ಅವನನ್ನು ಕೇಳಿದೆಯಾ?" ಎಂದರು ಗುರುಗಳು.

ನಿಜಗುಣ ಎದ್ದಲ್ಲೇ ನಿಂತ.