ದೀಪದ ಹೊತ್ತಿನ ಬಾಗಿಲು

ಎಲ್ಲರ ಮನೆಯ ಬಾಗಿಲನ್ನೂ ಬಲ್ಲ, ತನಗೆ ಮಾತ್ರ ಒಂದು ಬಾಗಿಲನ್ನೂ ಇಟ್ಟುಕೊಳ್ಳದ ಆ ಪರಮಾತ್ಮನಿಗೆ ಮೊದಲ ನಮಸ್ಕಾರ. ಹೇಳುವ ನಾಲಿಗೆಯಲ್ಲಿ ಅವನಿರಲಿ, ಕೇಳುವ ಕಿವಿಯಲ್ಲೂ ಅವನಿರಲಿ.

"ಗುರುಗಳೇ, ಹೊಸ ಮನೆಯ ಮುಂಬಾಗಿಲಿಗೆ ಯಾವ ಬೀಗ ಹಾಕಿಸಲಿ?"

ಹೀಗೆ ಕೇಳಿದವನು ಚಿದಂಬರನೆಂಬ ಶಿಷ್ಯ. ಮನೆ ಕಟ್ಟಿ ಮುಗಿಸಿದ್ದ. ಗೃಹಪ್ರವೇಶಕ್ಕೆ ಒಳ್ಳೆಯ ದಿನ ಕೇಳಲು ಮಠಕ್ಕೆ ಬಂದಿದ್ದ. ಕೈಯಲ್ಲಿ ಅಂಗಡಿಯವರು ಕೊಟ್ಟ ಬಣ್ಣದ ಕಾಗದಗಳಿದ್ದವು. ಒಂದು ಬೀಗ ಬೆರಳು ಮುಟ್ಟಿದರೆ ತೆರೆಯುತ್ತದಂತೆ. ಇನ್ನೊಂದು ಮುಖ ನೋಡಿ ತೆರೆಯುತ್ತದಂತೆ. ಮತ್ತೊಂದು, ಯಜಮಾನ ಯಾವ ಊರಲ್ಲಿದ್ದರೂ ಅವನ ಫೋನಿಗೆ ಹೇಳಿ ಕಳಿಸುತ್ತದಂತೆ. ನೋಡಿ ನೋಡಿ ಅವನ ತಲೆ ಕೆಟ್ಟಿತ್ತು.

ಪಕ್ಕದಲ್ಲಿದ್ದ ಹಿರಿಯ ಶಿಷ್ಯನೊಬ್ಬ ನಕ್ಕು, "ಮೋಕ್ಷದ ಬಾಗಿಲು ಎಲ್ಲಿದೆ ಅಂತ ಕೇಳೋ ಜಾಗದಲ್ಲಿ ನಿನ್ನ ಮನೆ ಬಾಗಿಲಿನ ವಿಚಾರ ತಂದೆಯಲ್ಲೋ" ಎಂದ. ಉಳಿದವರೂ ನಕ್ಕರು.

ಗುರುಗಳು ನಗಲಿಲ್ಲ. "ದಿನವೂ ಕೈಯಿಡುವ ಬಾಗಿಲು ಅದು. ಕೇಳಿದ್ದು ಸರಿಯಾಗಿಯೇ ಇದೆ, ಕೂತುಕೋ" ಎಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಮೋಸ ಮಾಡಿದವನಲ್ಲ, ಯಾರನ್ನೂ ಬೈದವನಲ್ಲ. ಅವನ ಮನೆಯಲ್ಲಿ ಹೆಂಡತಿಯಿದ್ದಳು, ವಯಸ್ಸಾದ ತಾಯಿಯಿದ್ದಳು. ಒಬ್ಬ ತಮ್ಮನೂ ಇದ್ದ. ಆದರೆ ಅವನು ಆ ಮನೆಗೆ ಬರುತ್ತಿರಲಿಲ್ಲ.

ಬಾರದಿರಲು ಕಾರಣ ಒಂದೇ ಮಾತು. ತಂದೆ ತೀರಿಕೊಂಡ ಮೇಲೆ, ಕರ್ಮ ಮುಗಿದ ದಿನ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ತಮ್ಮ ತಡೆಯಲಾರದೆ ಅಂದುಬಿಟ್ಟ: "ಅಪ್ಪ ಕೆಮ್ಮಿದಾಗೆಲ್ಲ ನೀನು ಎದ್ದು ನಿನ್ನ ಕೋಣೆ ಬಾಗಿಲು ಎಳಕೊಳ್ತಿದ್ದೆಯಲ್ಲಣ್ಣ. ಈಗ ಹೋಳಿಗೆ ಬಡಿಸ್ತಿದ್ದೀಯ."

ಮಾತು ಸುಳ್ಳಾಗಿದ್ದರೆ ವ್ಯಾಪಾರಿ ನಕ್ಕು ಬಿಡುತ್ತಿದ್ದ. ನಿಜವಾಗಿತ್ತು. ನಾಲ್ಕು ಜನರ ಮುಂದೆ ಬಂದಿತ್ತು. ಅವನ ಮುಖ ಸುಟ್ಟಂತಾಯಿತು. "ಇನ್ನು ಈ ಹೊಸ್ತಿಲು ತುಳೀಬೇಡ" ಎಂದ. ತಮ್ಮ ಎಲೆಯ ಮುಂದಿನಿಂದ ಎದ್ದು ಹೋದ. ಪಕ್ಕದ ಊರಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡು ಬದುಕಿದ. ವರ್ಷಗಳು ಕಳೆದವು.

ಆ ಮನೆಯಲ್ಲಿ ಒಂದು ನಡಾವಳಿಯಿತ್ತು. ನಮ್ಮ ಅನೇಕ ಮನೆಗಳಲ್ಲಿ ಇರುವುದೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ತಾಯಿ ಹಿಂಬಾಗಿಲು ಮುಚ್ಚಿ ಮುಂಬಾಗಿಲು ಪೂರ್ತಿ ತೆರೆಯುತ್ತಿದ್ದಳು. ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ದೀಪ ಹಚ್ಚಿ, ನಡುಮನೆಯಲ್ಲಿ ಬೀದಿಗೆ ಮುಖ ಮಾಡಿ ಕೂರುತ್ತಿದ್ದಳು. ಆ ಹೊತ್ತಿಗೆ ಲಕ್ಷ್ಮಿ ಬರುತ್ತಾಳೆ, ಬಾಗಿಲು ಹಾಕಿದ್ದರೆ ಮುಂದಿನ ಮನೆಗೆ ಹೋಗುತ್ತಾಳೆ ಎಂಬುದು ನಂಬಿಕೆ. ತಾಯಿಗೆ ಕಿವಿ ಮಂದವಾಗಿತ್ತು. ಕಣ್ಣು ಮಾತ್ರ ಚೆನ್ನಾಗಿತ್ತು. ಹಾಗಾಗಿ ನೋಡುತ್ತಾ ಕೂರುತ್ತಿದ್ದಳು.

ಒಮ್ಮೆ ಅದೇ ಬೀದಿಯ ಒಂದು ಮನೆಗೆ ಕಳ್ಳರು ನುಗ್ಗಿದರು. ವ್ಯಾಪಾರಿಗೆ ನಿದ್ದೆ ಹತ್ತಲಿಲ್ಲ. ಬೆಳಗಾದ ಕೂಡಲೇ ಬೀಗದಂಗಡಿಗೆ ಹೋದ. ಅಂಗಡಿಯವನು ಒಂದೊಂದೇ ತೆಗೆದು ತೋರಿಸಿದ. ವ್ಯಾಪಾರಿಗೆ ಬೆರಳಿನ ಬೀಗ ಸಾಲದಾಯಿತು, ಸಂಖ್ಯೆಯ ಬೀಗ ಹಿಡಿಸಲಿಲ್ಲ. ಕೊನೆಗೆ ಅಂಗಡಿಯವನು ಪುಟ್ಟ ಕಣ್ಣಿದ್ದ ಒಂದು ಬೀಗವನ್ನು ಮುಂದಿಟ್ಟ.

"ಇದು ನೋಡಿ ಯಜಮಾನರೇ, ಬಾಗಿಲಿಗೆ ಯಾರಾದರೂ ಬಂದು ಬೆಲ್ ಒತ್ತಿದರೆ ಅವರ ಮುಖ ನಿಮ್ಮ ಫೋನಿಗೆ ಬರುತ್ತೆ. ತೆರೆಯಲೇ ಅಂತ ನಿಮ್ಮನ್ನ ಕೇಳುತ್ತೆ. ಕನ್ನಡದಲ್ಲೇ ಕೇಳುತ್ತೆ! ನೀವು ಹೂಂ ಅಂದರೆ ಮಾತ್ರ ತೆರೆಯುತ್ತೆ."

"ನಾನು ಏನೂ ಹೇಳದೆ ಸುಮ್ಮನಿದ್ದರೆ?"

"ಸುಮ್ಮನಿದ್ದರೆ ಬೇಡ ಅಂತಲೇ ತಿಳಕೊಳ್ಳುತ್ತೆ. ಬಾಗಿಲು ತೆಗೆದೇ ಇಟ್ಟು ಮರೆತರೆ ಬೀದಿಗೆಲ್ಲ ಕೇಳೋ ಹಾಗೆ ಕೂಗುತ್ತೆ. ಹೆಂಡತಿಗಿಂತ ಜೋರು."

ವ್ಯಾಪಾರಿ ನಕ್ಕ. ಬೀಗವನ್ನು ಕೈಯಲ್ಲಿ ಹಿಡಿದು ನೋಡಿದ. ತನ್ನನ್ನು ಕೇಳದೆ ಇನ್ನು ತನ್ನ ಮನೆಯೊಳಗೆ ಯಾರೂ ಬರುವುದಿಲ್ಲ ಎಂದುಕೊಂಡಾಗ ಅವನ ಎದೆ ಹಗುರವಾಯಿತು. ಅದನ್ನೇ ಕೊಂಡ.

ಬೀಗ ಕೂರಿಸುವ ಹುಡುಗ ಬಂದು ಕೂರಿಸಿದ. ವ್ಯಾಪಾರಿಯ ಬೆರಳನ್ನೂ ಹೆಂಡತಿಯ ಬೆರಳನ್ನೂ ಅದಕ್ಕೆ ಪರಿಚಯ ಮಾಡಿಸಿದ. ತಾಯಿಯ ಕೈ ಹಿಡಿಯಲು ಹೋದಾಗ ಅವಳು ಕೈ ಹಿಂದಕ್ಕೆಳೆದುಕೊಂಡಳು. "ಇದೇನು ರೇಷನ್ ಅಂಗಡಿಯೇನಪ್ಪ, ಹೆಬ್ಬೆಟ್ಟು ಒತ್ತೋಕೆ? ನನ್ನ ಮನೆ ಇದು." ಎಲ್ಲರೂ ನಕ್ಕರು. ತಾಯಿ ನಗಲಿಲ್ಲ.

ಅಂದು ಸಂಜೆ ತಾಯಿ ಎಂದಿನಂತೆ ಒಳಗಿನಿಂದ ಚಿಲಕ ತಿರುಗಿಸಿ ಬಾಗಿಲು ಪೂರ್ತಿ ತೆರೆದಳು. ಅರಿಶಿನ ಕುಂಕುಮ ಇಟ್ಟಳು. ದೀಪ ಹಚ್ಚಿ ಕೂತಳು. ಸ್ವಲ್ಪ ಹೊತ್ತಿಗೆ ಬೀಗ ಕೂಗತೊಡಗಿತು. ಕಿವಿ ಮಂದವಾದ ತಾಯಿಗೆ ಅದು ಕೇಳಲೇ ಇಲ್ಲ. ಅವಳು ಕೈಮುಗಿದು ಶಾಂತವಾಗಿ ಕೂತೇ ಇದ್ದಳು. ಬೀದಿಯವರೆಲ್ಲ ಓಡಿ ಬಂದರು. "ಏನಾಯಿತಮ್ಮಾ?" ಎಂದು ಕೂಗಿ ಕೇಳಿದರು. "ಬನ್ನಿ ಬನ್ನಿ, ಕುಂಕುಮ ತಗೊಳ್ಳಿ" ಎಂದಳು ತಾಯಿ, ಅವರು ಅದಕ್ಕೇ ಬಂದರೆಂದು ತಿಳಿದು.

ವ್ಯಾಪಾರಿಗೆ ನಾಚಿಕೆಯಾಯಿತು. ದೀಪದ ಹೊತ್ತಿಗೆ ಮಾತ್ರ ಕೂಗದ ಹಾಗೆ ಮಾಡಿಸಿಬಿಡಿ ಎಂದು ಹೆಂಡತಿ ಹೇಳಿದಳು. ಹಾಗೆ ಮಾಡಲೂ ಬರುತ್ತಿತ್ತು. ಆದರೆ ಅವನು ಒಪ್ಪಲಿಲ್ಲ. ಕಳ್ಳ ಹೊತ್ತು ನೋಡಿಕೊಂಡು ಬರುತ್ತಾನೆಯೇ ಎಂದ. ತಾಯಿಯ ಬಳಿ ಕೂತು, ಕಿವಿಯ ಹತ್ತಿರ ಬಾಗಿ, ಮೃದುವಾಗಿ ತಿಳಿಹೇಳಿದ.

"ಅವ್ವಾ, ಲಕ್ಷ್ಮಿ ಅಂದರೆ ದೇವರು. ದೇವರಿಗೆ ಬಾಗಿಲು ಯಾಕೆ ಬೇಕು? ಮುಚ್ಚಿದ್ದರೂ ಬರುತ್ತಾಳೆ."

ತಾಯಿ ಮಗನ ಮುಖವನ್ನೇ ನೋಡಿದಳು. "ದೇವರಿಗೆ ಬೇಡಪ್ಪ, ನಿಜ. ಬಾಗಿಲು ಬೇಕಾದವರೂ ಇರುತ್ತಾರಲ್ಲ" ಎಂದಳು.

ಅವನು ಆ ಮಾತನ್ನು ಅಲ್ಲಿಗೇ ಬಿಟ್ಟ. ಅಂದಿನಿಂದ ಸಂಜೆ ಬಾಗಿಲು ಮುಚ್ಚಿರುತ್ತಿತ್ತು. ತಾಯಿ ದೀಪ ಹಚ್ಚಿ, ಮುಚ್ಚಿದ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದಳು.

ತಂದೆಯ ತಿಥಿ ಹತ್ತಿರ ಬಂತು. ಹಿಂದಿನ ದಿನ ಸಂಜೆ ಹೆಂಡತಿ ದೇವಸ್ಥಾನಕ್ಕೆ ಹೋಗಿದ್ದಳು. ವ್ಯಾಪಾರಿ ಅಂಗಡಿಯಲ್ಲಿ ಲಕ್ಷ್ಮಿಯ ಪಟಕ್ಕೆ ಊದಿನಕಡ್ಡಿ ಬೆಳಗುತ್ತಿದ್ದ. ಫೋನು ಸದ್ದು ಮಾಡಿತು. ಬಲಗೈಯಲ್ಲಿ ಊದಿನಕಡ್ಡಿ ಹಿಡಿದೇ ಎಡಗೈಯಲ್ಲಿ ಎತ್ತಿ ನೋಡಿದ.

ತಮ್ಮ ನಿಂತಿದ್ದ.

ಮೈ ಇಳಿದಿತ್ತು. ಕೂದಲಿನಲ್ಲಿ ಬಿಳುಪು ಬಂದಿತ್ತು, ಅದು ಗಿರಣಿಯ ಹಿಟ್ಟೋ ವಯಸ್ಸೋ ತಿಳಿಯಲಿಲ್ಲ. ಕಂಕುಳಲ್ಲಿ ಬಾಳೆ ಎಲೆಯ ಕಟ್ಟಿತ್ತು. ನಾಳೆಯ ಊಟಕ್ಕೆ ತಂದದ್ದು. ತನ್ನನ್ನು ಅಣ್ಣ ನೋಡುತ್ತಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ಮುಚ್ಚಿದ ಬಾಗಿಲನ್ನು ನೋಡಿ ಅವನ ಮುಖದಲ್ಲಿ ಒಂದು ಆಶ್ಚರ್ಯವಿತ್ತು. ಆ ಹೊತ್ತಿನಲ್ಲಿ ಆ ಬಾಗಿಲು ಮುಚ್ಚಿದ್ದನ್ನು ಅವನು ಹುಟ್ಟಿದಂದಿನಿಂದ ನೋಡಿರಲಿಲ್ಲ.

ಫೋನಿನಲ್ಲಿ ಆ ಮುಖದ ಕೆಳಗೆ ಬರೆದಿತ್ತು: ತೆರೆಯಲೇ?

ವ್ಯಾಪಾರಿಯ ಹೆಬ್ಬೆರಳು ಮೇಲೆದ್ದು ಅಲ್ಲೇ ನಿಂತಿತು. ಬಾಗಿಲು ಎಂದಿನಂತೆ ತೆರೆದಿದ್ದರೆ ಇಷ್ಟು ಹೊತ್ತಿಗೆ ತಮ್ಮ ಹೊಸ್ತಿಲು ದಾಟಿ ಅವ್ವನ ಕಾಲು ಹಿಡಿದಿರುತ್ತಿದ್ದ. ತಾನು ಮನೆಗೆ ಹೋದಾಗ ಅಡುಗೆಮನೆಯಿಂದ ಅವನ ಮಾತು ಕೇಳಿಸುತ್ತಿತ್ತು. ತಾನು ಸ್ವಲ್ಪ ಮುಖ ಗಂಟಿಕ್ಕಿಕೊಂಡು, ಕೈಕಾಲು ತೊಳೆದು, ಕೊನೆಗೆ ಅವನ ಪಕ್ಕದಲ್ಲೇ ಊಟಕ್ಕೆ ಕೂರುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾರೂ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿರಲಿಲ್ಲ.

ಈಗ ಹಾಗಲ್ಲ. ಹೂಂ ಎಂದರೆ ಸೋತಂತೆ. ನೆಂಟರ ಮುಂದೆ ಬಂದ ಆ ಮಾತನ್ನು ತಾನೇ ಒಪ್ಪಿಕೊಂಡಂತೆ. ಬೇಡ ಎನ್ನಲೂ ಮನಸ್ಸು ಬರಲಿಲ್ಲ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು. ಒಂದು ಸಲ ಅಣ್ಣಾ ಎಂದು ಕೂಗಲಿ, ತೆರೆದರಾಯಿತು ಎಂದುಕೊಂಡ. ತಮ್ಮ ಕೂಗಲಿಲ್ಲ. ಇನ್ನೊಂದು ಸಲ ಬೆಲ್ ಒತ್ತಿದ. ಬಾಗಿಲ ಆಚೆ, ಕೂಗಳತೆಯೂ ಇಲ್ಲದಷ್ಟು ಹತ್ತಿರ, ಕಿವಿ ಕೇಳದ ತಾಯಿ ಅದೇ ಬಾಗಿಲನ್ನು ನೋಡುತ್ತಾ ಕೂತಿದ್ದಳು.

"ಯಜಮಾನರೇ, ಆ ಕೊಳಗ ಸ್ವಲ್ಪ ತೋರಿಸ್ತೀರಾ?" ಎಂದಳು ಗಿರಾಕಿಯೊಬ್ಬಳು. ವ್ಯಾಪಾರಿ ಫೋನನ್ನು ಮಗುಚಿಟ್ಟು ಕೊಳಗ ಇಳಿಸಿದ. ಮತ್ತೆ ಎತ್ತಿ ನೋಡುವಷ್ಟರಲ್ಲಿ ಪ್ರಶ್ನೆ ಹೋಗಿತ್ತು. ಊದಿನಕಡ್ಡಿಯ ಬೂದಿ ಅವನ ಕೈಮೇಲೆ ಬಿದ್ದಿತ್ತು.

ಮನೆಗೆ ಬಂದಾಗ ಹೊಸ್ತಿಲ ಹೊರಗೆ ಎಲೆಯ ಕಟ್ಟು ಇತ್ತು. ಒಳಗೆ ತಂದಿಟ್ಟ.

"ಎಲೆ ಎಲ್ಲಿಂದ ತಂದೆ?" ಎಂದು ತಾಯಿ ಕೇಳಿದಳು.

"ಪೇಟೆಯಿಂದ" ಎಂದ.

ತಾಯಿ ಒಂದು ಎಲೆ ಬಿಡಿಸಿ ಸವರಿ ನೋಡಿದಳು. "ಎಳೆ ಎಲೆ. ಎಲ್ಲೂ ಹರಿದಿಲ್ಲ. ನೋಡಿ ಆರಿಸಿದ್ದಾರೆ, ಪುಣ್ಯಾತ್ಮರು" ಎಂದಳು.

ಮರುದಿನ ಆ ಎಲೆಗಳ ಮೇಲೆಯೇ ತಂದೆಯ ಹೆಸರಿನ ಊಟ ನಡೆಯಿತು. ತಾಯಿ ತನ್ನ ಕಿರಿಮಗ ತಂದ ಎಲೆಯಲ್ಲಿ ಉಂಡಳು. ಅವಳಿಗೆ ಅದು ಗೊತ್ತಿರಲಿಲ್ಲ. ವ್ಯಾಪಾರಿ ಅದನ್ನು ನೋಡುತ್ತಾ ಉಂಡ. ಇವತ್ತೇ ತಮ್ಮನಿಗೆ ಫೋನ್ ಮಾಡುತ್ತೇನೆ ಎಂದುಕೊಂಡ. ನೆಂಟರು ಹೋಗಲಿ ಎಂದುಕೊಂಡ. ಹಬ್ಬ ಬರಲಿ, ಹಬ್ಬಕ್ಕೆ ಕರೆದರೆ ಚೆನ್ನಾಗಿರುತ್ತದೆ ಎಂದುಕೊಂಡ.

ಹಬ್ಬಕ್ಕೆ ಮೊದಲೇ ತಾಯಿ ತೀರಿಕೊಂಡಳು. ದೀಪ ಹಚ್ಚಿ ಕೂತವಳು ಕೂತಲ್ಲೇ ಒರಗಿದಳು. ಮುಖ ಬಾಗಿಲ ಕಡೆಗಿತ್ತು.

ಸಾವಿನ ಮನೆಯ ಬಾಗಿಲನ್ನು ಯಾರೂ ಮುಚ್ಚುವುದಿಲ್ಲ. ಬರುವವರು ಕೇಳಿಕೊಂಡು ಬರುವುದಿಲ್ಲ, ಬಂದವರನ್ನು ಯಾರು ಎಂದು ಯಾರೂ ಕೇಳುವುದಿಲ್ಲ. ಅಂದು ಆ ಬಾಗಿಲು ಪೂರ್ತಿ ತೆರೆದಿತ್ತು. ಬೀಗ ಕೂಗುತ್ತಲೇ ಇತ್ತು. ನೆರೆಯವನೊಬ್ಬ ಎದ್ದು ಹೋಗಿ ಅದರ ಬ್ಯಾಟರಿ ಬಿಚ್ಚಿ ಕಿಟಕಿಯಲ್ಲಿಟ್ಟ.

ತಮ್ಮ ಬಂದ. ಹೊಸ್ತಿಲು ದಾಟಿದ. ತಾಯಿಯ ಕಾಲ ಬಳಿ ಕೂತು ಅತ್ತ. ಬಹಳ ಹೊತ್ತಿನ ಮೇಲೆ ಅಣ್ಣನ ಕಡೆ ತಿರುಗಿದ.

"ಅಪ್ಪನ ತಿಥಿಗೆ ಮುಂಚಿನ ದಿನ ಬಂದಿದ್ದೆ ಅಣ್ಣ. ಬಾಗಿಲು ಹಾಕಿತ್ತು. ಮನೇಲಿ ಯಾರೂ ಇರಲಿಲ್ಲ ಅನ್ಸುತ್ತೆ."

ವ್ಯಾಪಾರಿಗೆ ಒಂದು ಸುಳ್ಳು ಸಾಕಿತ್ತು. ಅದು ಸಿದ್ಧವಾಗಿಯೂ ಇತ್ತು. ಹೌದು, ಎಲ್ಲರೂ ದೇವಸ್ಥಾನಕ್ಕೆ ಹೋಗಿದ್ದೆವು ಎಂದಿದ್ದರೆ ಮುಗಿಯುತ್ತಿತ್ತು. ಅವನು ತಾಯಿಯ ಮುಖ ನೋಡಿದ.

"ಅವ್ವ ಒಳಗೇ ಇದ್ದಳು" ಎಂದ. "ನಾನು ನೋಡ್ತಿದ್ದೆ."

ತಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನು ಎದ್ದು ಹೋಗಲಿಲ್ಲ. ಸ್ವಲ್ಪ ಸರಿದು, ಅಣ್ಣನಿಗೂ ತಾಯಿಯ ಕಾಲ ಬಳಿ ಜಾಗ ಬಿಟ್ಟ.

ಇಷ್ಟು ಹೇಳಿ ಗುರುಗಳು ಕಣ್ಣು ಮುಚ್ಚಿದರು. ಮಠದ ಅಂಗಳದಲ್ಲಿ ಸಂಜೆಯ ದೀಪ ಹಚ್ಚುವ ಹೊತ್ತಾಗಿತ್ತು. ಮೊದಲು ನಕ್ಕಿದ್ದ ಹಿರಿಯ ಶಿಷ್ಯ ತಲೆ ತಗ್ಗಿಸಿ ಕೂತಿದ್ದ. ಚಿದಂಬರ ಕೈಯಲ್ಲಿದ್ದ ಬಣ್ಣದ ಕಾಗದಗಳನ್ನು ಮಡಿಚಿದ, ಮತ್ತೆ ಬಿಡಿಸಿದ. ಕೊನೆಗೆ ತಡೆಯಲಾರದೆ ಕೇಳಿದ.

"ಹಾಗಾದರೆ ತಪ್ಪೆಲ್ಲ ಆ ಬೀಗದ್ದೇ ಅಲ್ಲವೇ, ಗುರುಗಳೇ? ಅಂಥದ್ದನ್ನು ನಾನು ಹಾಕಿಸುವುದೇ ಇಲ್ಲ."

ಗುರುಗಳು ಕಣ್ಣು ತೆರೆದು, "ಬೀಗದ ತಪ್ಪು ಏನೂ ಇಲ್ಲಪ್ಪ, ಅದು ಅವನನ್ನು ಕೇಳಿತ್ತು" ಎಂದರು.

ಚಿದಂಬರ ಕಾಗದಗಳನ್ನು ಮಡಿಚಿ ಜೇಬಿಗಿಟ್ಟುಕೊಂಡ.

ಈ ಕತೆಯನ್ನು ಕೇಳಿದವರಿಗೂ ಓದಿ ಹೇಳಿದವರಿಗೂ ಒಳ್ಳೆಯದಾಗಲಿ. ಅವರ ಮನೆ ಕಳ್ಳಕಾಕರ ಭಯವಿಲ್ಲದೆ ತಂಪಾಗಿರಲಿ. ದೀಪದ ಹೊತ್ತಿಗೆ ಅವರ ಹೊಸ್ತಿಲಿಗೆ ದೇವರೂ ಬರಲಿ, ಬಾಗಿಲು ಬೇಕಾದವರೂ ಬರಲಿ, ಬಂದವರು ಒಳಗೆ ಕೂತು ಉಣ್ಣಲಿ.