ಸಾಲ ತೀರಿದ ಮರುದಿನದ ಕಡಲೆಕಾಯಿ

ಹೆಂಡತಿ ಕಾಯಿಲೆ ಬಿದ್ದಾಗ ಅಳಿಲು ಹೆಗ್ಗಣದ ಹತ್ತಿರ ಕಡಲೆಕಾಯಿ ಸಾಲ ತಂದಿತ್ತು. ಅವಳು ಉಳಿಯಲಿಲ್ಲ, ಸಾಲ ಉಳಿಯಿತು. ವರ್ಷವಿಡೀ ದಿನಕ್ಕೊಂದು ಕಾಯಿ ಹೊತ್ತು ತೀರಿಸಿತು. ಕೊನೆಯ ಕಾಯಿ ಕೊಟ್ಟದ್ದೇ ಬಿಲದ ಬಾಗಿಲಲ್ಲಿ ಲಾಗ ಹಾಕಿತು.

"ಏನಯ್ಯಾ, ಬಾಲಕ್ಕೆ ಬೆಂಕಿ ಬಿತ್ತೇ?" ಎಂದಿತು ಹೆಗ್ಗಣ.

"ಸಾಲ ತೀರಿತಲ್ಲ, ಧಣಿ!"

"ನಿನ್ನ ಮಗಳ ಬಾಣಂತನ ಬಂತಲ್ಲ. ಇನ್ನೊಂದು ಮೂಟೆ ತಗೋ. ನೀನು ನಂಬಿಗಸ್ಥ."

ಅಳಿಲಿನ ಕೈ ಮುಂದೆ ಹೋಯಿತು. ಮೆಲ್ಲಗೆ ಹಿಂದೆ ಬಂತು.

"ಬೇಡ ಧಣಿ. ದಿನಕ್ಕೊಂದು ಹೊರುವುದು ರೂಢಿಯಾಗಿದೆ. ನಾಳೆಯಿಂದ ಮಗಳಿಗೆಂದು ನನ್ನ ಪೊಟರೆಗೇ ಹೊರುತ್ತೇನೆ."

ಮರುದಿನ ಕಾಯಿ ಕಚ್ಚಿಕೊಂಡ ಅಳಿಲು ರೂಢಿಯಂತೆ ಬಿಲಕ್ಕೇ ಓಡಿತು. ಹೆಗ್ಗಣ ಕೈ ಚಾಚಿತು. ಅಳಿಲಿಗೆ ನಗು ಬಂತು. ನಕ್ಕರೆ ಕಾಯಿ ಬೀಳುತ್ತದೆ. ಬಾಯಿ ಬಿಗಿದು ಮನೆಗೆ ಓಡಿತು. ಕಾಯಿಯನ್ನು ಪೊಟರೆಗೆ ಹಾಕಿ, ಆಮೇಲೆ ನಕ್ಕಿತು.