ಪರದೆಯ ಮೂಲೆಯ ಸುದ್ದಿ

ಅಣೆಕಟ್ಟಿನ ಕೆಳಗೆ, ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಹಸುಗಳಿದ್ದವು, ಒಂದು ಕಂಪ್ಯೂಟರೂ ಇತ್ತು.

ಕಂಪ್ಯೂಟರನ್ನು ಸಜ್ಜುಗೊಳಿಸಿದವನು ಶಿಷ್ಯ ಪಂಪಣ್ಣ. ಅವನಿಗೆ ಉತ್ಸಾಹ ಸ್ವಲ್ಪ ಜಾಸ್ತಿ. ಇಮೇಲ್ ಬಂದರೆ ಪರದೆಯ ಮೂಲೆಯಲ್ಲಿ ನೋಟಿಫಿಕೇಶನ್ ಮೂಡಿ 'ಟಿಂಗ್' ಎನ್ನುತ್ತಿತ್ತು. ಪ್ರಿಂಟರ್ ಕೆಲಸ ಮುಗಿಸಿದರೂ ಟಿಂಗ್. ಇವತ್ತು ಏಕಾದಶಿ ಎಂದೂ ಟಿಂಗ್. ಆಶ್ರಮದಲ್ಲಿ ಅದು ಯಾರಿಗೆ ಗೊತ್ತಿರಲಿಲ್ಲವೋ ದೇವರೇ ಬಲ್ಲ.

ಪತ್ರ ವ್ಯವಹಾರ ನೋಡುತ್ತಿದ್ದ ದಾಕ್ಷಾಯಣಮ್ಮ ನೊಣ ಓಡಿಸುವಂತೆ ಎಲ್ಲವನ್ನೂ ಓದದೆಯೇ ಮುಚ್ಚತೊಡಗಿದರು. ಒಂದು ದಿನ, ನೀರು ಬಿಡುತ್ತೇವೆಂಬ ಅಣೆಕಟ್ಟಿನ ಕಚೇರಿಯ ಎಚ್ಚರಿಕೆಯನ್ನೂ ಹಾಗೇ ಮುಚ್ಚಿಬಿಟ್ಟರು. ನಡುಗಡ್ಡೆಯಲ್ಲಿ ಮೇಯುತ್ತಿದ್ದ ಹಸುಗಳು ಏರುವ ನೀರಿನಲ್ಲಿ ಈಜಿ ಬಂದವು. ಒಂದು ಕರು ಬರಲಿಲ್ಲ.

"ದಾಕ್ಷಾಯಣಮ್ಮನವರು ನೋಡಬೇಕಿತ್ತು, ಬುದ್ಧಿ. ನನ್ನ ಕಂಪ್ಯೂಟರ್ ಸರಿಯಾಗೇ ಹೇಳಿತ್ತು," ಎಂದ ಪಂಪಣ್ಣ, ಆಶ್ರಮದ ಗುರುಗಳಿಗೆ.

ಮರುದಿನ ಅವನು ಹಾಲು ಕರೆಯುತ್ತಿದ್ದಾಗ ಗುರುಗಳು ಹಿಂದೆ ಬಂದು ಹೆಗಲು ತಟ್ಟಿದರು.

"ಕಾಗೆ ಬಂದು ಕೂತಿತು, ಪಂಪಣ್ಣ."

"ಹೂಂ, ಬುದ್ಧಿ."

ಮತ್ತೆ ತಟ್ಟಿದರು. "ಹಾರಿಹೋಯಿತು."

"ಹೂಂ."

"ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರು."

"ಹೂಂ."

ಇನ್ನೊಮ್ಮೆ ತಟ್ಟಿ ಏನೋ ಹೇಳಿದರು. ಪಂಪಣ್ಣ ಕೇಳಿಸಿಕೊಳ್ಳದೆಯೇ ಹೂಂ ಅಂದ. ಹಸು ಝಾಡಿಸಿ ಒದೆಯಿತು. ಹಾಲೆಲ್ಲ ಅವನ ಮೈಮೇಲೆ.

"ಒಂದು ಮಾತು ಹೇಳಬಾರದಿತ್ತೇ, ಬುದ್ಧಿ?"

"ಹಸು ಕಾಲೆತ್ತುತ್ತಿದೆ ಅಂತ ಹೇಳಿದೆನಲ್ಲಪ್ಪ. ಹೂಂ ಅಂದೆ."

ಪಂಪಣ್ಣನಿಗೆ ಬಹಳ ನಾಚಿಕೆಯಾಯಿತು. ಮೈ ಒರೆಸಿಕೊಳ್ಳುವ ಮೊದಲೇ ಹೋಗಿ ದಾಕ್ಷಾಯಣಮ್ಮನ ಕ್ಷಮೆ ಕೇಳಿದ. ಕಂಪ್ಯೂಟರಿನ ಬಾಯನ್ನು ಪೂರ್ತಿ ಮುಚ್ಚಿಸಿ ಬಂದ.

"ಎಲ್ಲ ನಿಲ್ಲಿಸಿದೆ, ಬುದ್ಧಿ."

"ಮತ್ತೆ ನೀರು ಬಿಟ್ಟರೆ?"

ಅವನು ಬಂದ ದಾರಿಯಲ್ಲೇ ವಾಪಸು ಹೋದ.

"ಅಮ್ಮಾ, ಕೈಕೆಲಸ ಬಿಟ್ಟು ಯಾವುದಕ್ಕೆ ಏಳ್ತೀರಿ?"

"ಹೊಳೆ ಏರುತ್ತೆ ಅಂದರೆ ಏಳ್ತೀನಿ. ಉಳಿದದ್ದೆಲ್ಲ ಊಟ ಆದಮೇಲೆ ಒಟ್ಟಿಗೆ ನೋಡ್ತೀನಿ," ಎಂದರು ದಾಕ್ಷಾಯಣಮ್ಮ. "ಇನ್ನೊಂದು ವಿಷಯ. ಹೊಸ ಸಂದೇಶ ಬಂದಿದೆ ಅಂತ ಹೇಳಬೇಡಪ್ಪ. ಏನು ಬಂದಿದೆ, ನಾನೇನು ಮಾಡಬೇಕು, ಅದನ್ನು ಹೇಳು."

ಪಂಪಣ್ಣ ಹಾಗೆಯೇ ಮಾಡಿದ. ಕಂಪ್ಯೂಟರ್ ಎಷ್ಟೋ ದಿನ ತೆಪ್ಪಗಿತ್ತು.

ಮಳೆಗಾಲದ ಒಂದು ಮಧ್ಯಾಹ್ನ ಅದು ಸದ್ದು ಮಾಡಿತು. ದಾಕ್ಷಾಯಣಮ್ಮ ಬೆಚ್ಚಿ ತಲೆಯೆತ್ತಿ ಪರದೆಯ ಮೂಲೆಯಲ್ಲಿದ್ದುದನ್ನು ಓದಿದರು.

"ಇನ್ನೊಂದು ಗಂಟೆಗೆ ಅಣೆಕಟ್ಟಿನ ಗೇಟು ತೆರೆಯುತ್ತಾರೆ. ಹಸುಗಳನ್ನು ಈಗಲೇ ದಂಡೆಗೆ ತನ್ನಿ."

ಅವರು ಸೆರಗು ಸಿಕ್ಕಿಸಿಕೊಂಡು ಕೂಗುತ್ತಾ ಓಡಿದರು. ಆಶ್ರಮಕ್ಕೆ ಆಶ್ರಮವೇ ಹೊಳೆಗಿಳಿಯಿತು. ಎಳೆಗರುಗಳನ್ನು ಹೆಗಲ ಮೇಲೆ ಹೊತ್ತು ತಂದರು. ಕೆಂಪು ನೀರು ನಡುಗಡ್ಡೆಯನ್ನು ನುಂಗಿದಾಗ ಅಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ದಾಕ್ಷಾಯಣಮ್ಮ ಒಂದು ಕರುವಿನ ಕೊರಳು ತಬ್ಬಿ ನಗುತ್ತಾ ಅತ್ತರು. ಎಲ್ಲರೂ ಒದ್ದೆ ಮೈಯಲ್ಲೇ ಕುಣಿದರು.

ಪಂಪಣ್ಣ ಗುರುಗಳ ಬಳಿಗೆ ಓಡಿದ. ಅವರು ಕಣ್ಣು ಮುಚ್ಚಿ ಧ್ಯಾನದಲ್ಲಿದ್ದರು. ಹೆಗಲು ತಟ್ಟಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಅಲ್ಲೇ ಕುಳಿತ. ಬಹಳ ಹೊತ್ತಿನ ಮೇಲೆ ಗುರುಗಳು ಕಣ್ಣು ತೆರೆದರು.

"ಏನಪ್ಪ, ಇಷ್ಟು ನೆನೆದಿದ್ದೀಯ?"

"ನೀರು ಬಿಟ್ಟರು, ಬುದ್ಧಿ. ಹಸುಗಳೆಲ್ಲ ದಂಡೆ ಸೇರಿದವು. ಕರುಗಳೂ ಸೇರಿದವು."

"ಆಗಲೇ ಯಾಕೆ ಹೇಳಲಿಲ್ಲ?"

"ತಾವು ಮಾಡಬೇಕಾದ್ದು ಏನೂ ಇರಲಿಲ್ಲ. ಅದಕ್ಕೇ ತಟ್ಟಲಿಲ್ಲ."

ಗುರುಗಳು ಎದ್ದರು. ಕಾವಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೇಕೆ ಕೇಳಿಬರುತ್ತಿದ್ದ ದಂಡೆಯ ಕಡೆಗೆ ಬಿರಬಿರನೆ ಹೊರಟರು.

"ಇಂಥದ್ದಕ್ಕೆ ತಟ್ಟಬೇಕಪ್ಪ."